ಕಬ್ಬಿನ ಸೀಮೆಗೆ ಬಂದ ಕಾಲೇಜಿನ ಹಣಕಾಸು ಸಲಹೆ: ಯಾವುದು ಸರಿ, ಎಲ್ಲಿ ಎಡವುತ್ತದೆ

ಮಂಡ್ಯ ಸುತ್ತಿನ ಹಳ್ಳಿಗಳಲ್ಲಿ ಎನ್‌ಎಸ್‌ಎಸ್ ಶಿಬಿರ ಎಂದರೆ ಚರಂಡಿ ಸ್ವಚ್ಛತೆ, ಗಿಡ ನೆಡುವುದು, ಸಂಜೆಗೆ ಸಾಂಸ್ಕೃತಿಕ ಕಾರ್ಯಕ್ರಮ. ಜಿಲ್ಲೆಯ ಕಾಲೇಜೊಂದರ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಇದೇ ಏಳು ದಿನದ ಶಿಬಿರವನ್ನು ಬೇರೆ ರೀತಿಯಲ್ಲಿ ಬಳಸಿಕೊಂಡಿದ್ದಾರೆ. ಡೇರಿ ಕಟ್ಟಡದಲ್ಲಿ ಮೇಜು ಹಾಕಿಕೊಂಡು, ಒಂದೊಂದೇ ಕುಟುಂಬವನ್ನು ಕೂರಿಸಿಕೊಂಡು ಮನೆಯ ಲೆಕ್ಕ ಬರೆದುಕೊಡುತ್ತಾರೆ. ಶುಲ್ಕವಿಲ್ಲ. ಒಂದು ಮನೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕೊನೆಗೆ ಬರುವ ಹಣ, ಹೋಗುವ ಹಣ, ಸಾಲ, ವಿಮೆ ಎಲ್ಲ ಇರುವ ಒಂದು ಹಾಳೆ ಕೈಗೆ ಸಿಗುತ್ತದೆ. ಸಂಶೋಧನೆಗೆಂದು ಹತ್ತು ಪ್ರಶ್ನೆಗಳನ್ನೂ ಕೇಳುತ್ತಾರೆ. ಸಾಲದ ಭಾಗಕ್ಕಾಗಿಯೇ ಈ ಶಿಬಿರಕ್ಕೆ ಹೋಗಬೇಕು. ಉಳಿತಾಯದ ಭಾಗವನ್ನು ಮಾತ್ರ ಕಣ್ಣುಮುಚ್ಚಿ ಒಪ್ಪಿಕೊಳ್ಳಬಾರದು.

ಸಾಲದ ಲೆಕ್ಕವನ್ನು ಅವರು ಮಾಡಿಸುವ ಕ್ರಮ ಅಚ್ಚುಕಟ್ಟಾಗಿದೆ. ಕೈಗಡ, ಗಿರವಿ, ಸಂಘದ ಸಾಲ, ಸೊಸೈಟಿಯ ಬೆಳೆ ಸಾಲ ಎಲ್ಲವನ್ನೂ ವರ್ಷದ ಬಡ್ಡಿಗೆ ಪರಿವರ್ತಿಸಿ, ಹೆಚ್ಚು ಬಡ್ಡಿಯದ್ದು ಮೇಲೆ ಬರುವಂತೆ ಜೋಡಿಸುತ್ತಾರೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಎಂದಾಗ ಹಗುರವಾಗಿ ಕೇಳಿಸುವ ಕೈಗಡ, ವರ್ಷಕ್ಕೆ ಶೇ 36 ಎಂದು ಹಾಳೆಯ ತಲೆಯಲ್ಲಿ ಕೂರುತ್ತದೆ. ಫ್ಲಾಟ್ ಬಡ್ಡಿಯ ಲೆಕ್ಕವನ್ನೂ ಬಿಡಿಸಿ ತೋರಿಸುತ್ತಾರೆ. 50,000 ರೂಪಾಯಿಗೆ ಶೇ 12ರ ಫ್ಲಾಟ್ ಬಡ್ಡಿ, 24 ಕಂತು ಎಂದರೆ ಕಟ್ಟುವುದು ಒಟ್ಟು 62,000, ತಿಂಗಳಿಗೆ ಸುಮಾರು 2,583. ಪ್ರತಿ ಕಂತಿಗೂ ಅಸಲು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ 50,000ಕ್ಕೇ ಬೀಳುವುದರಿಂದ, ನಿಜವಾದ ದರ ಶೇ 21 ದಾಟುತ್ತದೆ. 2022ರ ಆರ್‌ಬಿಐ ನಿಯಮದ ಪ್ರಕಾರ, ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಮೈಕ್ರೋಫೈನಾನ್ಸ್ ಸಾಲ ಕೊಡುವಾಗ, ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಇದನ್ನು ಹಾಳೆಯ ಮೇಲೆಯೇ ಅಚ್ಚು ಹಾಕಿಸಿರುವುದು ಮೆಚ್ಚುವ ಕೆಲಸ.

ಇಲ್ಲಿ ಒಂದು ಅಪವಾದವನ್ನು ಸೇರಿಸಬೇಕಿತ್ತು. ಹೆಚ್ಚು ಬಡ್ಡಿಯದ್ದನ್ನು ಮೊದಲು ತೀರಿಸಿ ಎಂಬ ಸೂತ್ರದಲ್ಲಿ ಸೊಸೈಟಿಯ ಶೂನ್ಯ ಬಡ್ಡಿ ಬೆಳೆ ಸಾಲ ಹಾಳೆಯ ಕೊನೆಗೆ ಹೋಗುತ್ತದೆ. ಆ ಸಾಲಕ್ಕೆ ಬಡ್ಡಿ ಇಲ್ಲದಿರುವುದು ಗಡುವಿನೊಳಗೆ ಕಟ್ಟಿದರೆ ಮಾತ್ರ. ಗಡುವು ದಾಟಿದರೆ ರಿಯಾಯಿತಿಯೂ ಹೋಗುತ್ತದೆ, ಮುಂದಿನ ಸಾಲಕ್ಕೂ ತೊಡಕು. ಹಾಗಾಗಿ ಕಬ್ಬಿನ ಹಣ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಸೊಸೈಟಿಯ ದಿನಾಂಕ, ಆಮೇಲೆ ಕೈಗಡ.

ಉಳಿತಾಯದ ಭಾಗದಲ್ಲಿ ಹಾಳೆಯ ಮೊದಲ ಸಾಲೇ ‘ತಿಂಗಳ ಆದಾಯ’. ತೊಡಕು ಶುರುವಾಗುವುದು ಅಲ್ಲೇ. ಸಂಬಳದವರಿಗೆ ಮಾಡಿದ ನಮೂನೆ ಇದು. ಕಬ್ಬು ನಾಟಿಯಿಂದ ಕಟಾವಿಗೆ ಹೆಚ್ಚುಕಡಿಮೆ ವರ್ಷ ಬೇಕು. ಕಾರ್ಖಾನೆಗೆ ಹೋದ ಮೇಲೆ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಬಾಕಿಗಾಗಿ ರೈತರು ಧರಣಿ ಕೂರುವುದು ಜಿಲ್ಲೆಗೆ ಹೊಸದೇನಲ್ಲ. ಅದಕ್ಕೇ ಕೆಲವರು ದರ ಸ್ವಲ್ಪ ಕಮ್ಮಿಯಾದರೂ ಕೈಗೆ ಬೇಗ ದುಡ್ಡು ಸಿಗಲಿ ಎಂದು ಆಲೆಮನೆಗೆ ಹಾಕುತ್ತಾರೆ. ಇಂಥ ಆದಾಯವನ್ನು ಹನ್ನೆರಡರಿಂದ ಭಾಗಿಸಿ ‘ತಿಂಗಳಿಗೆ ಇಷ್ಟು’ ಎಂದು ಬರೆದರೆ, ಕಾಗದದ ಮೇಲೆ ಪ್ರತಿ ತಿಂಗಳೂ ಉಳಿತಾಯ ಕಾಣುತ್ತದೆ, ಮನೆಯಲ್ಲಿ ಮಾತ್ರ ಇರುವುದಿಲ್ಲ.

ಬೇರೆ ದಾರಿ ಹೀಗಿದೆ. ಉದಾಹರಣೆಗೆ, ಒಂದು ಮನೆಗೆ ಖರ್ಚು ಕಳೆದು ಡೇರಿ ಬಟವಾಡೆಯಿಂದ ತಿಂಗಳಿಗೆ 4,500, ಗೃಹಲಕ್ಷ್ಮಿಯಿಂದ 2,000 ಬರುತ್ತದೆ ಎಂದಿಟ್ಟುಕೊಳ್ಳಿ. ಖಾಯಂ ಆದಾಯ 6,500. ಮನೆ ಖರ್ಚು 9,000. ತಿಂಗಳಿಗೆ 2,500 ಕೊರತೆ, ವರ್ಷಕ್ಕೆ 30,000. ಕಬ್ಬಿನಿಂದ ಕೈಗೆ ಉಳಿಯುವುದು 60,000 ಆದರೆ, ಅದರಲ್ಲಿ ಅರ್ಧ ಈಗಾಗಲೇ ಖರ್ಚಾಗಿರುವ ಹಣ. ಮಿಕ್ಕ 30,000ದಲ್ಲಿ ಜೂನ್‌ನ ಶಾಲೆ ಫೀಸು, ಕೂಳೆ ಕಬ್ಬಿನ ಗೊಬ್ಬರ, ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳ ಬಾಗಿನ, ಪಿತೃಪಕ್ಷ ಎಲ್ಲ ಏಳಬೇಕು. ಕಬ್ಬಿನ ಹಣ ಮೂರು ತಿಂಗಳು ತಡವಾದರೆ ತಿಂಗಳ ಕೊರತೆಗೇ 7,500 ಬೇಕು, ಅದರ ಜೊತೆ ಗೊಬ್ಬರದ ದುಡ್ಡು. ‘ಆರು ತಿಂಗಳ ಸಂಬಳದಷ್ಟು ತುರ್ತು ನಿಧಿ’ ಎಂಬ ಪಟ್ಟಣದ ಸೂತ್ರ ಈ ಮನೆಗೆ ಎಟುಕುವುದಿಲ್ಲ. ತಡವಾಗುವ ತಿಂಗಳುಗಳನ್ನು ದಾಟಿಸುವ ಮೊತ್ತ ಎಟುಕುತ್ತದೆ, ಮತ್ತೆ ಕೈಗಡಕ್ಕೆ ಹೋಗದಂತೆ ತಡೆಯುವುದೂ ಅದೇ.

ಆ ಮೊತ್ತವನ್ನು ಎಲ್ಲಿಡಬೇಕು ಎಂಬಲ್ಲಿಯೂ ಸಲಹೆ ತಪ್ಪಿದೆ. ಸಿಕ್ಕವರಿಗೆಲ್ಲ ಅಂಚೆ ಕಚೇರಿಯ ಐದು ವರ್ಷದ ಆರ್‌ಡಿ ಬರೆದುಕೊಟ್ಟಿದ್ದಾರೆ. ಆರ್‌ಡಿ ಒಳ್ಳೆಯ ಯೋಜನೆ, ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು. ಆದರೆ ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ, ಮೂರು ವರ್ಷ ತುಂಬುವ ಮೊದಲು ಮುಚ್ಚಲು ಬರುವುದಿಲ್ಲ. ಹಾಲಿನ ಬಟವಾಡೆಯ ಮೇಲೆ ನಡೆಯುವ ಸಣ್ಣ ಕಂತಿಗೆ ಆರ್‌ಡಿ ಸರಿ. ಕಬ್ಬಿನ ಹಣದಿಂದ ತೆಗೆದಿಡುವ ಮೊತ್ತಕ್ಕೆ ಬ್ಯಾಂಕಿನ ಒಂದು ವರ್ಷದ ಎಫ್‌ಡಿ ಲೇಸು. ಅಗತ್ಯ ಬಿದ್ದರೆ ಬಡ್ಡಿಯಲ್ಲಿ ಸ್ವಲ್ಪ ಕಳೆದುಕೊಂಡು ಮುರಿಸಬಹುದು. ಒಂದೇ ದೊಡ್ಡ ಎಫ್‌ಡಿ ಬದಲು 5,000ದ ಎರಡು ಮೂರು ಮಾಡಿಸಿದರೆ, ಒಂದನ್ನು ಮುರಿಸಿದರೂ ಮಿಕ್ಕವು ಉಳಿಯುತ್ತವೆ.

ವಿಮೆಯ ವಿಷಯದಲ್ಲಿ ವಿದ್ಯಾರ್ಥಿಗಳು ಚೆನ್ನಾಗಿ ತಯಾರಾಗಿದ್ದಾರೆ. ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ ಎಂಬ ಜೀವ ವಿಮೆ, 20 ರೂಪಾಯಿಯ ಸುರಕ್ಷಾ ಬಿಮಾ ಎಂಬ ಅಪಘಾತ ವಿಮೆ, ಎರಡಕ್ಕೂ ತಲಾ 2 ಲಕ್ಷ ಪರಿಹಾರ. ಮೇ ಕೊನೆಯಲ್ಲಿ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಆಗ ಖಾತೆಯಲ್ಲಿ 456 ಇಲ್ಲದಿದ್ದರೆ ಜೂನ್ 1ರಿಂದ ರಕ್ಷಣೆ ಇಲ್ಲ ಎಂಬುದನ್ನು ಪಾಸ್‌ಬುಕ್ ತೆರೆಸಿ ತೋರಿಸುತ್ತಾರೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದು ಎರಡರಲ್ಲೂ ಕಡಿತವಾಗುತ್ತಿದ್ದರೂ ಪರಿಹಾರ ಸಿಗುವುದು ಒಂದೇ. ಅದನ್ನೂ ಹುಡುಕಿ ಹೇಳುತ್ತಾರೆ. ಬಿಟ್ಟುಹೋದದ್ದು ಒಂದಿದೆ. ತೆಂಗಿನ ಮರದಿಂದ ಬಿದ್ದು ಸತ್ತರೂ, ಹಾವು ಕಚ್ಚಿ ಸತ್ತರೂ ಸುರಕ್ಷಾ ಬಿಮಾ ಅನ್ವಯಿಸುತ್ತದೆ; ಆದರೆ ಅದಕ್ಕೆ ತಕ್ಷಣದ ಆಸ್ಪತ್ರೆ ದಾಖಲೆ ಬೇಕು. ಕಾಗದ ಇಲ್ಲದೆ ಮಣ್ಣು ಮಾಡಿಬಿಟ್ಟರೆ ಮನೆಯವರು ಆ ಹಣ ಪಡೆಯುವುದು ಬಹಳ ಕಷ್ಟ. ನಮ್ಮ ಸೀಮೆಗೆ ಇದಕ್ಕಿಂತ ಮುಖ್ಯವಾದ ಮಾತು ವಿಮೆಯಲ್ಲಿ ಇನ್ನೊಂದಿಲ್ಲ.

ಇನ್ನು ಸಂಶೋಧನೆಯ ಹತ್ತು ಪ್ರಶ್ನೆ. ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2015ರಲ್ಲಿ ಹೊರತಂದ ಮಾಪಕ ಅದು. ಉತ್ತರ ನೋಡಿ ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತದೆ. ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳದೆ, ದುಡ್ಡಿನ ವಿಷಯದಲ್ಲಿ ಎಷ್ಟು ನಿರಾಳ ಎಂದು ಅಳೆಯುತ್ತದೆ. ಮದುವೆಗೆ ಉಡುಗೊರೆ ಕೊಟ್ಟರೆ ಆ ತಿಂಗಳು ಕಷ್ಟವಾಗುತ್ತದೆಯೇ ಎಂಬ ಪ್ರಶ್ನೆ ಮುಯ್ಯಿ ಬರೆಸುವ ನಮ್ಮ ಊರುಗಳಿಗೆ ಹೇಳಿಮಾಡಿಸಿದಂತಿದೆ. ತಿಂಗಳ ಕೊನೆಗೆ ಹಣ ಉಳಿಯುತ್ತದೆಯೇ ಎಂಬ ಪ್ರಶ್ನೆ ಹೊಂದುವುದಿಲ್ಲ. ಕಬ್ಬಿನ ಹಣ ಬಂದ ವಾರ ಕೇಳಿದರೆ ಒಂದು ಉತ್ತರ, ಬಾಕಿ ಕಾಯುವಾಗ ಕೇಳಿದರೆ ಇನ್ನೊಂದು. ಒಂದೇ ವಾರದಲ್ಲಿ ಸಂಗ್ರಹಿಸಿದ ಅಂಕದಿಂದ ಊರಿನ ನೆಮ್ಮದಿಯನ್ನು ಅಳೆದೆವು ಎನ್ನಲಾಗದು. ಅದೇ ಮನೆಗಳಿಗೆ ಕಟಾವಿಗೆ ಮುಂಚೆ ಒಮ್ಮೆ, ಹಣ ಬಂದ ಮೇಲೆ ಒಮ್ಮೆ ಹೋಗಬೇಕು. ಎರಡನೇ ಭೇಟಿ ಸಲಹೆಗೂ ಬೇಕು. ಬರೆದುಕೊಟ್ಟ ಹಾಳೆ ನಡೆಯಿತೋ ಇಲ್ಲವೋ ಎಂದು ನೋಡಲು ಈಗ ಯಾರೂ ಬರುತ್ತಿಲ್ಲ. ಗಂಡ, ಅತ್ತೆ ಪಕ್ಕದಲ್ಲೇ ಕೂತಿರುವಾಗ ಸೊಸೆಯ ಬಾಯಿಂದ ಸಂಘದ ಸಾಲದ ನಿಜವಾದ ಮೊತ್ತ ಹೊರಡುವುದಿಲ್ಲ. ಹೆಂಗಸರಿಗೆ ಬೇರೆ ಮೇಜು, ಅಲ್ಲಿ ವಿದ್ಯಾರ್ಥಿನಿಯರು ಇರಲೇಬೇಕು.

ಹೋಗುವವರು ಬೆಳಗಿನ ಹಾಲು ಹಾಕಿದ ಮೇಲೆ, ಹತ್ತು ಗಂಟೆ ಹೊತ್ತಿಗೆ ಹೋಗಿ, ಸಂಜೆ ನೂಕುನುಗ್ಗಲು. ಎಲ್ಲ ಪಾಸ್‌ಬುಕ್, ಸಾಲದ ಕಾರ್ಡು, ಗಿರವಿ ಚೀಟಿ, ವಿಮಾ ಬಾಂಡು, ಹಾಲಿನ ಪುಸ್ತಕ ಒಯ್ಯಿರಿ. ಪಹಣಿ ಬೇಡ. ಆಧಾರ್ ಜೆರಾಕ್ಸ್, ಎಟಿಎಂ ಪಿನ್, ಒಟಿಪಿ ಯಾವುದೂ ಈ ಲೆಕ್ಕಕ್ಕೆ ಬೇಕಿಲ್ಲ, ಈ ಶಿಬಿರದಲ್ಲಿ ಕೇಳುವುದೂ ಇಲ್ಲ. ಶಿಬಿರದ ಹೆಸರು ಹೇಳಿಕೊಂಡು ಆಮೇಲೆ ಯಾರಾದರೂ ಫೋನಿನಲ್ಲಿ ಕೇಳಿದರೆ ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.