ಆರು ಗೊಂಬೆಗಳು, ಒಂದು ಪೆಟ್ಟಿಗೆ: ವೈವಿಧ್ಯ ಕಲಿಸುವ ಕಿಟ್ ಕುರಿತು ಶಿಕ್ಷಕಿಯೊಬ್ಬಳ ವಿಮರ್ಶೆ

ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಪಾಠ ಹೇಳುವ ನಾನು, ಕಳೆದ ಶೈಕ್ಷಣಿಕ ವರ್ಷದ ಆರಂಭದಲ್ಲಿ, ಪರಸ್ಪರರ ಭಿನ್ನತೆಯನ್ನು ಗೌರವಿಸುವುದನ್ನು ಮಕ್ಕಳಿಗೆ ಕಲಿಸುತ್ತದೆ ಎಂಬ ಭರವಸೆಯೊಂದಿಗೆ ಮಾರಾಟವಾಗುವ ಕಿಟ್ ಒಂದನ್ನು ತರಗತಿಗೆ ತರಿಸಿಕೊಂಡೆ. ಪೆಟ್ಟಿಗೆಯಲ್ಲಿ ಆರು ಬಟ್ಟೆ ಗೊಂಬೆಗಳು, ಮರದ ಪುಟ್ಟ ಗಾಲಿಕುರ್ಚಿ, ಮೈಬಣ್ಣದ 24 ಕ್ರೇಯಾನ್‌ಗಳು, 40 ಚಿತ್ರದ ಕಾರ್ಡ್‌ಗಳು, ಒಂದಿಷ್ಟು ಬಣ್ಣದ ಬ್ಯಾಡ್ಜ್‌ಗಳು ಮತ್ತು ಶಿಕ್ಷಕರಿಗೊಂದು ಕೈಪಿಡಿ ಇದ್ದವು. ಒಂದು ವರ್ಷ ಬಳಸಿದ ಮೇಲೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಗೊಂಬೆಗಳು ಕೊಟ್ಟ ಹಣಕ್ಕೆ ಮೋಸವಿಲ್ಲದವು, ಕ್ರೇಯಾನ್‌ಗಳು ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದವು, ಕಾರ್ಡ್‌ಗಳಲ್ಲಿ ಬಹುಪಾಲು ಪೆಟ್ಟಿಗೆಯಲ್ಲೇ ಉಳಿದರೆ ಒಳ್ಳೆಯದು, ಬ್ಯಾಡ್ಜ್‌ಗಳನ್ನಂತೂ ಹೊರಗೆ ತೆಗೆಯಲೇಬಾರದು.

ಗೊಂಬೆಗಳ ಎತ್ತರ ಸುಮಾರು ಎರಡು ಅಡಿ. ತೊಡೆಯ ಮೇಲೆ ಕೂರಿಸಿಕೊಂಡರೆ ಮೂರು ವರ್ಷದ ಮಗುವನ್ನು ಕೂರಿಸಿಕೊಂಡಂತೆಯೇ ಇರುತ್ತದೆ. ಒಳಗೆ ಭಾರ ತುಂಬಿರುವುದರಿಂದ ಜೋಲಿ ಬೀಳುವುದಿಲ್ಲ. ಮುಖದಲ್ಲಿ ಬಲವಂತದ ನಗುವನ್ನು ಹೊಲಿದಿಲ್ಲ ಎಂಬುದು ಈ ಗೊಂಬೆಗಳ ಅತಿ ಮುಖ್ಯ ಗುಣ. ಸದಾ ನಗುವ ಗೊಂಬೆಯೊಂದು ಇವತ್ತು ತನಗೆ ಬೇಸರವಾಗಿದೆ ಎಂದರೆ ಯಾವ ಮಗುವೂ ನಂಬುವುದಿಲ್ಲ.

ಇವು ಆಟದ ಮೂಲೆಯಲ್ಲಿ ಇಡುವ ಗೊಂಬೆಗಳಲ್ಲ ಎಂಬುದನ್ನು ಕೊಳ್ಳುವವರು ತಿಳಿದಿರಬೇಕು. ಇವುಗಳ ಹಿಂದಿರುವುದು ‘ಪರ್ಸೋನಾ ಡಾಲ್’ ಎಂಬ ಬೋಧನಾ ಕ್ರಮ. ಅಮೆರಿಕದಲ್ಲಿ ಲೂಯಿಸ್ ಡರ್ಮನ್-ಸ್ಪಾರ್ಕ್ಸ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಪೂರ್ವಗ್ರಹ-ವಿರೋಧಿ ಪಠ್ಯಕ್ರಮದ ಮೂಲಕ ಅದು ಹೆಚ್ಚು ಶಿಕ್ಷಕರಿಗೆ ಪರಿಚಯವಾಯಿತು. ಪ್ರತಿ ಗೊಂಬೆಗೂ ಒಂದು ಹೆಸರು, ಒಂದು ಮನೆ, ಇಷ್ಟಗಳು, ಭಯಗಳು ಇರುತ್ತವೆ. ಒಮ್ಮೆ ಹೇಳಿದ ವಿವರವನ್ನು ಮುಂದೆ ಬದಲಿಸುವಂತಿಲ್ಲ. ಗೊಂಬೆ ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ತರಗತಿಗೆ ಅತಿಥಿಯಾಗಿ ಬರುತ್ತದೆ, ಶಿಕ್ಷಕಿಯ ಕಿವಿಯಲ್ಲಿ ಪಿಸುಗುಟ್ಟುತ್ತದೆ, ಶಿಕ್ಷಕಿ ಅದನ್ನು ತನ್ನದೇ ದನಿಯಲ್ಲಿ ಮಕ್ಕಳಿಗೆ ತಿಳಿಸುತ್ತಾಳೆ. ಸೂತ್ರದ ಬೊಂಬೆಯಂತೆ ಕೀರಲು ದನಿಯಲ್ಲಿ ಮಾತಾಡಿಸಬೇಕಾಗಿಲ್ಲ. ಮೊದಲ ಕೆಲವು ಭೇಟಿಗಳಲ್ಲಿ ಬರೀ ಸಂತೋಷದ ಸುದ್ದಿಗಳು. ಮಕ್ಕಳಿಗೆ ಅದರ ಸ್ನೇಹವಾದ ಮೇಲಷ್ಟೇ ಅದು ತನ್ನ ಕಷ್ಟವನ್ನು ಹೇಳಿಕೊಳ್ಳುತ್ತದೆ, ಮಕ್ಕಳು ಸಲಹೆ ಕೊಡುತ್ತಾರೆ.

ಕಿಟ್‌ನ ಕೈಪಿಡಿ ಎಡವಿರುವುದು ಸರಿಯಾಗಿ ಇಲ್ಲೇ. ಗಾಲಿಕುರ್ಚಿಯಲ್ಲಿ ಕೂರುವ ಗೊಂಬೆಯ ಅಂಗಿಗೆ ಅವಳ ಅಂಗವೈಕಲ್ಯವನ್ನು ಬರೆದ ಒಂದು ಚೀಟಿಯನ್ನು ಹೊಲಿದಿದ್ದಾರೆ. ಮೊದಲ ದಿನವೇ ಆ ವಿಷಯದಿಂದ ಪರಿಚಯ ಆರಂಭಿಸಿ ಎಂದು ಕೈಪಿಡಿ ಹೇಳುತ್ತದೆ. ಕನ್ನಡಕದವನು, ಕಿವಿಗೆ ಯಂತ್ರ ಹಾಕಿಕೊಂಡವಳು, ಮನೆಯಲ್ಲಿ ಬೇರೆ ಭಾಷೆ ಆಡುವವನು, ಹೀಗೆ ಆರು ಗೊಂಬೆಗಳಿಗೂ ಆರು ಚೀಟಿ. ನಾನು ಕತ್ತರಿ ತಂದು ಚೀಟಿಗಳನ್ನು ಕತ್ತರಿಸಿದೆ. ಗಾಲಿಕುರ್ಚಿಯ ಗೊಂಬೆಗೆ ಮಕ್ಕಳೇ ತಾರಾ ಎಂದು ಹೆಸರಿಟ್ಟರು. ಅವಳಿಗೆ ಕತ್ತಲೆಂದರೆ ಹೆದರಿಕೆ, ಮುಂದಿನ ಹಲ್ಲೊಂದು ಅಲ್ಲಾಡುತ್ತಿದೆ, ಅಣ್ಣ ತನ್ನ ಪೆನ್ಸಿಲ್ ಮುಟ್ಟಿದರೆ ಕೋಪ ಬರುತ್ತದೆ ಎಂದಷ್ಟೇ ಮೊದಲ ದಿನ ಹೇಳಿದೆ. ಅರ್ಧ ತರಗತಿ ತಂತಮ್ಮ ಅಲ್ಲಾಡುವ ಹಲ್ಲುಗಳನ್ನು ಅವಳಿಗೆ ತೋರಿಸಲು ಎದ್ದು ಬಂತು. ಕಾಲಿನ ಪ್ರಶ್ನೆ ಎರಡನೆಯ ಭೇಟಿಯಲ್ಲಿ ತಾನಾಗಿಯೇ ಬಂತು.

“ಟೀಚರ್, ಅವಳು ಯಾಕೆ ನಡೆಯೋದಿಲ್ಲ?”

“ಹುಟ್ಟಿದಾಗಿನಿಂದ ಅವಳ ಕಾಲುಗಳಿಗೆ ಶಕ್ತಿ ಕಡಿಮೆ. ಹಾಗಾಗಿ ಕುರ್ಚಿಯಲ್ಲಿ ಓಡಾಡುತ್ತಾಳೆ.”

“ಮಲಗುವಾಗ ಕುರ್ಚಿ ಎಲ್ಲಿಡ್ತಾಳೆ?”

ಇಷ್ಟಕ್ಕೇ ಮಾತು ಮುಗಿಯಿತು. ಇಂಥ ಪ್ರಶ್ನೆ ಬಂದಾಗ ದೊಡ್ಡವರು ಸಾಮಾನ್ಯವಾಗಿ ಮಗುವಿನ ಬಾಯಿ ಮುಚ್ಚಿಸುತ್ತಾರೆ. ಆಗ ಮಗು ಕಲಿಯುವುದು ಗೌರವವನ್ನಲ್ಲ, ಇದು ಮಾತಾಡಬಾರದ ಸಂಗತಿ ಎಂಬುದನ್ನು. ಕೆಲವು ವಾರಗಳ ನಂತರ ಮಕ್ಕಳು ಮರದ ತುಂಡುಗಳಿಂದ ಮನೆಯೊಂದನ್ನು ಕಟ್ಟಿ ತಾರಾಳನ್ನು ಕರೆದರು. ಕುರ್ಚಿ ಬಾಗಿಲಲ್ಲಿ ಸಿಕ್ಕಿಕೊಂಡಿತು. ಇಬ್ಬರು ಅವಳನ್ನು ಎತ್ತಿ ಒಳಗಿಡೋಣ ಎಂದರು, ಒಬ್ಬಳು ಬಾಗಿಲನ್ನೇ ಅಗಲ ಮಾಡೋಣ ಎಂದಳು, ಕೊನೆಗೆ ಬಾಗಿಲು ಅಗಲವಾಯಿತು. ಬಾರ್ಬಿ ಗೊಂಬೆ ತಯಾರಿಸುವ ಮ್ಯಾಟೆಲ್ ಕಂಪನಿ 1997ರಲ್ಲಿ ಗಾಲಿಕುರ್ಚಿಯ ಗೆಳತಿಯೊಬ್ಬಳನ್ನು ಮಾರುಕಟ್ಟೆಗೆ ತಂದಾಗ ಆ ಕುರ್ಚಿ ಬಾರ್ಬಿಯ ಮನೆಯೊಳಗೆ ಹಿಡಿಸಿರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು. ತಪ್ಪು ಕುರ್ಚಿಯದೋ ಬಾಗಿಲಿನದೋ ಎಂಬ ಪ್ರಶ್ನೆಗೆ ಆರು ವರ್ಷದವಳೊಬ್ಬಳು ಹತ್ತು ನಿಮಿಷದಲ್ಲಿ ಉತ್ತರ ಕಂಡುಕೊಂಡಿದ್ದಳು. ಕೈಪಿಡಿಯಲ್ಲಿ ಈ ಚಟುವಟಿಕೆ ಇಲ್ಲ.

ಇನ್ನು ಬ್ಯಾಡ್ಜ್‌ಗಳ ವಿಷಯ. ಮಕ್ಕಳನ್ನು ಕೂದಲಿನ ಬಗೆಗೆ ಅನುಸಾರವಾಗಿ ಗುಂಪು ಮಾಡಿ, ಗುಂಪಿಗೊಂದು ಬಣ್ಣದ ಬ್ಯಾಡ್ಜ್ ಕೊಟ್ಟು, ಒಂದು ವಾರ ಆ ಗುಂಪುಗಳಲ್ಲೇ ಕೆಲಸ ಮಾಡಿಸಿ ‘ಭಿನ್ನತೆಯನ್ನು ಸಂಭ್ರಮಿಸಿ’ ಎನ್ನುತ್ತದೆ ಕೈಪಿಡಿ. ಇದನ್ನು ಬರೆದವರು ಮನಶ್ಶಾಸ್ತ್ರಜ್ಞೆ ರೆಬೆಕಾ ಬಿಗ್ಲರ್ 1990ರ ದಶಕದಲ್ಲಿ ನಡೆಸಿದ ಅಧ್ಯಯನಗಳನ್ನು ಗಮನಿಸಿದಂತಿಲ್ಲ. ಮಕ್ಕಳಿಗೆ ಹಳದಿ ಮತ್ತು ನೀಲಿ ಅಂಗಿಗಳನ್ನು ತೊಡಿಸಿದ ಆ ಅಧ್ಯಯನದಲ್ಲಿ, ಶಿಕ್ಷಕರು ಬಣ್ಣದ ಹೆಸರು ಹಿಡಿದು ಕರೆದು, ಬಣ್ಣಕ್ಕೆ ತಕ್ಕಂತೆ ತರಗತಿಯನ್ನು ನಡೆಸಿದಾಗ ಮಕ್ಕಳಲ್ಲಿ ತಮ್ಮ ಬಣ್ಣದ ಗುಂಪೇ ಮೇಲು ಎಂಬ ಭಾವನೆ ಬೆಳೆಯಿತು. ಶಿಕ್ಷಕರು ಅಂಗಿಗಳನ್ನು ಕಡೆಗಣಿಸಿದ ತರಗತಿಗಳಲ್ಲಿ ಹಾಗಾಗಲಿಲ್ಲ. ಅಂಗಿಯ ಬಣ್ಣದಿಂದಲೇ ಇಷ್ಟಾದರೆ ಕೂದಲು ಹಿಡಿದು ಸಾಲು ನಿಲ್ಲಿಸುವುದರಿಂದ ಏನಾದೀತು ಎಂದು ಪರೀಕ್ಷಿಸುವ ಧೈರ್ಯ ನನಗಿರಲಿಲ್ಲ.

ಹಾಗೆಂದು ಭಿನ್ನತೆಯ ಮಾತನ್ನೇ ಎತ್ತದೆ, ಎಲ್ಲರೂ ಒಂದೇ ಎಂದು ಹೇಳಿ ಕೈತೊಳೆದುಕೊಂಡರೂ ಸಾಲದು. ನವಜಾತ ಶಿಶುಗಳು ಮುಖಗಳ ನಡುವೆ ಜನಾಂಗದ ಆಧಾರದಲ್ಲಿ ಆಯ್ಕೆ ಮಾಡದಿದ್ದರೂ, ಮೂರು ತಿಂಗಳಿಗೆಲ್ಲ ತಮಗೆ ರೂಢಿಯಾದ ಜನಾಂಗದ ಮುಖಗಳನ್ನೇ ಹೆಚ್ಚು ಹೊತ್ತು ನೋಡುತ್ತವೆ ಎಂದು 2005ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಅಂದರೆ ಮಕ್ಕಳ ಕಣ್ಣು ನಮ್ಮ ಪಾಠಕ್ಕೆ ಕಾದು ಕೂತಿರುವುದಿಲ್ಲ. ಅವರು ಹೇಗೂ ಗಮನಿಸಿರುವ ಸಂಗತಿಗೆ ಅಂಜಿಕೆಯಿಲ್ಲದ, ಚುಚ್ಚದ ಮಾತುಗಳನ್ನು ಒದಗಿಸುವುದು ನಮ್ಮ ಕೆಲಸ.

ಕ್ರೇಯಾನ್‌ಗಳು ಉಪಯೋಗಕ್ಕೆ ಬಂದದ್ದು ಈ ಕಾರಣಕ್ಕೇ. ಕ್ರೇಯಾನ್ ತಯಾರಿಸುವ ಕ್ರೇಯೋಲಾ ಕಂಪನಿ ತನ್ನ ‘ಫ್ಲೆಶ್’ (ಅಂದರೆ ಮೈಬಣ್ಣ) ಎಂಬ ಬಣ್ಣದ ಹೆಸರನ್ನು 1962ರಲ್ಲಿ ‘ಪೀಚ್’ ಎಂದು ಬದಲಿಸಿತು. ಜಗತ್ತಿನ ಬಗೆಬಗೆಯ ಮೈಬಣ್ಣಗಳ 24 ಕಡ್ಡಿಗಳ ಪೆಟ್ಟಿಗೆಯನ್ನು ಅದು ಹೊರತಂದದ್ದು 2020ರಲ್ಲಿ. ನಮ್ಮ ಕಿಟ್‌ನ ಕಡ್ಡಿಗಳು ಬೇರೆ ತಯಾರಕರವು. ಅವುಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆಗಳಿವೆ. ತನ್ನ ಕೈಯ ಹಿಂಬದಿಗೆ ಹೊಂದುವ ಬಣ್ಣವನ್ನು ಹುಡುಕಿ ಎಂದಾಗ ಯಾವ ಮಗುವಿಗೂ ಒಂದೇ ಕಡ್ಡಿ ಸಾಕಾಗಲಿಲ್ಲ, ಎಲ್ಲರೂ ಎರಡು ಮೂರನ್ನು ಬೆರೆಸಬೇಕಾಯಿತು; ಅಂಗೈಯ ಬಣ್ಣವೇ ಬೇರೆ ಎಂಬುದು ಇನ್ನೊಂದು ಸೋಜಿಗವಾಯಿತು. ಚರ್ಮದಲ್ಲಿರುವ ಮೆಲನಿನ್ ಎಂಬ ಬಣ್ಣದ ಪದಾರ್ಥ ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ ಎಂದು ಎರಡೇ ವಾಕ್ಯಗಳಲ್ಲಿ ಹೇಳಿದೆ. ಮೇಣದ ಗುಣಮಟ್ಟ ಸಾಧಾರಣ. ಗಾಢ ಬಣ್ಣಗಳು ಬೇಗ ಮುರಿಯುತ್ತವೆ.

ಕಾರ್ಡ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದೇಶಕ್ಕೊಬ್ಬರಂತೆ ಹಬ್ಬದ ಉಡುಪಿನಲ್ಲಿ ನಿಂತ ಜನರ ಚಿತ್ರಗಳು, ಪ್ರವಾಸಿಯ ಆಲ್ಬಮ್‌ನಂತಿವೆ. “ಇವರು ದಿನಾ ಹೀಗೇ ಬಟ್ಟೆ ಹಾಕ್ತಾರಾ?” ಎಂದು ಹುಡುಗನೊಬ್ಬ ಕೇಳಿದ ಮೇಲೆ ಅವುಗಳನ್ನು ಒಳಗಿಟ್ಟೆ. ಅಜ್ಜಿಯೊಬ್ಬಳೇ ಸಾಕುವ ಮಕ್ಕಳು, ತಾಯಿ ಅಥವಾ ತಂದೆ ಒಬ್ಬರೇ ಇರುವ ಮನೆ, ದತ್ತು ಮಗು ಇರುವ ಮನೆ ಮುಂತಾದ ಎಂಟು ಕುಟುಂಬದ ಕಾರ್ಡ್‌ಗಳು ಮಾತ್ರ ಗೋಡೆಯ ಮೇಲೆ ವರ್ಷವಿಡೀ ಇದ್ದವು.

ಗೊಂಬೆಗಳನ್ನು ಬಳಸುವಾಗ ನಾನೇ ಮಾಡಿದ ತಪ್ಪೊಂದನ್ನು ಇಲ್ಲಿ ದಾಖಲಿಸಬೇಕು. ಬೇರೆ ಮಕ್ಕಳು ತನ್ನ ಉಚ್ಚಾರಣೆಯನ್ನು ಅಣಕಿಸಿ ನಕ್ಕದ್ದರಿಂದ ಒಂದು ಮಗು ಕೆಲವು ದಿನಗಳಿಂದ ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ಬೇರೆ ಭಾಷೆ ಆಡುವ ಗೊಂಬೆಗೂ ಹೀಗೇ ಆಯಿತು ಎಂದು ಮರುದಿನವೇ ಕತೆ ಕಟ್ಟಿದೆ. ಎಲ್ಲರ ಕಣ್ಣೂ ಗೊಂಬೆಯಿಂದ ಆ ಮಗುವಿನತ್ತ ತಿರುಗಿದವು. ಅದು ಮುಖ ಮುಚ್ಚಿಕೊಂಡಿತು. ತರಗತಿಯ ಘಟನೆಯನ್ನು ಹಾಗೆಹಾಗೆಯೇ ಗೊಂಬೆಯ ಬಾಯಿಂದ ಹೇಳಿಸಬಾರದು, ಗೊಂಬೆ ಯಾವ ಮಗುವಿನ ಪಡಿಯಚ್ಚೂ ಆಗಬಾರದು, ಕಾಲದ ಅಂತರವೂ ವಿವರದ ವ್ಯತ್ಯಾಸವೂ ಇರಲೇಬೇಕು ಎಂಬ ಎಚ್ಚರಿಕೆಗೆ 60 ಪುಟದ ಕೈಪಿಡಿಯಲ್ಲಿ ಒಂದು ಸಾಲೂ ಮೀಸಲಾಗಿಲ್ಲ. ಎರಡು ತಿಂಗಳ ನಂತರ ಅದೇ ಗೊಂಬೆ, ಹೊಸ ಆಟದ ನಿಯಮ ಅರ್ಥವಾಗದೆ ಬದಿಯಲ್ಲಿ ನಿಂತಿದ್ದೆ ಎಂದಾಗ ಸಲಹೆಗಳು ಧಾರಾಳವಾಗಿ ಬಂದವು. ಆ ಮಗುವೂ ಒಂದು ಸಲಹೆ ಕೊಟ್ಟಿತು.

ಸಣ್ಣಪುಟ್ಟ ದೋಷಗಳೂ ಇವೆ. ನಾಲ್ಕನೆಯ ತಿಂಗಳಲ್ಲಿ ಕುರ್ಚಿಯ ಒಂದು ಗಾಲಿ ಕಳಚಿತು. ಮಾರಾಟಗಾರರು ಮೂರು ವಾರದ ಬಳಿಕ ಬೇರೆ ಅಳತೆಯ ಗಾಲಿ ಕಳಿಸಿದರು, ಅಂಟು ಹಚ್ಚಿ ಹಳೆಯದನ್ನೇ ಸರಿಪಡಿಸಿಕೊಂಡೆವು. ಕಿವಿಯ ಯಂತ್ರ ಬಿಡಿಯಾಗಿ ಬರುವ ಪುಟ್ಟ ತುಂಡಾದ್ದರಿಂದ ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಕಡೆ ಅದನ್ನು ಹೊಲಿದುಬಿಡುವುದು ಕ್ಷೇಮ. ಇವೆಲ್ಲಕ್ಕಿಂತ ನನ್ನನ್ನು ಕಾಡಿದ ಕೊರತೆಯೆಂದರೆ ಆರು ಗೊಂಬೆಗಳಲ್ಲಿ ಒಂದೂ ದಪ್ಪಗಿಲ್ಲ. ನನ್ನ ತರಗತಿಯಲ್ಲಿ ಅತಿ ಹೆಚ್ಚು ಅಡ್ಡಹೆಸರುಗಳು ಹುಟ್ಟುವುದು ದೇಹದ ಗಾತ್ರದ ಮೇಲೆ. ಕೊನೆಗೆ ಕನ್ನಡಕದ ಗೊಂಬೆಯ ಬೆನ್ನಿನ ಹೊಲಿಗೆ ಬಿಚ್ಚಿ, ಇನ್ನಷ್ಟು ಹತ್ತಿ ತುಂಬಿ ಹೊಲಿದೆ.

ಮಕ್ಕಳೊಂದಿಗೆ ನೆಲದ ಮೇಲೆ ಕೂತು ಮಾತಾಡಲು ವಾರಕ್ಕೆ ಇಪ್ಪತ್ತು ನಿಮಿಷ ಎತ್ತಿಡಬಲ್ಲ ಶಿಕ್ಷಕರು ಇದನ್ನು ಕೊಳ್ಳಬಹುದು. ಪೆಟ್ಟಿಗೆ ತೆರೆದು ಕಾರ್ಡ್ ತೋರಿಸಿ ಪಾಠ ಮುಗಿಸಬೇಕಾದವರಿಗೆ ಇದರಿಂದ ಪ್ರಯೋಜನವಿಲ್ಲ. ಗೊಂಬೆ ಮತ್ತು ಕ್ರೇಯಾನ್‌ಗಳನ್ನಷ್ಟೇ ಬಿಡಿಯಾಗಿ ಕೊಡುವಿರಾ ಎಂದು ಮಾರಾಟಗಾರರನ್ನು ಕೇಳಿದೆ; ಪೂರ್ತಿ ಪೆಟ್ಟಿಗೆಯನ್ನೇ ಕೊಳ್ಳಬೇಕಂತೆ. ಬ್ಯಾಡ್ಜ್‌ಗಳ ಹಿಂಬದಿಯ ಸೂಜಿಗಳನ್ನು ಮಾತ್ರ ಕಿತ್ತು ಇಟ್ಟುಕೊಂಡಿದ್ದೇನೆ, ಮಕ್ಕಳ ಚಿತ್ರಗಳನ್ನು ಪರದೆಗೆ ಸಿಕ್ಕಿಸಲು ಬರುತ್ತವೆ.