ಎರಡು ಪೊಟ್ಟಣ ಕುಸ್ವಾರ್: ವಿರಾಜಪೇಟೆಯ ಬೇಕರಿಯೊಂದರ ಕ್ರಿಸ್‌ಮಸ್ ಸೇವೆ

ವಿರಾಜಪೇಟೆಯ ಬೇಕರಿಯೊಂದು ಡಿಸೆಂಬರ್ ತಿಂಗಳಲ್ಲಿ ಒಂದು ಸೇವೆಯನ್ನು ನಡೆಸಿಕೊಂಡು ಬರುತ್ತಿದೆ. ನಮ್ಮ ಮನೆಗೆಂದು ಪ್ಲಮ್ ಕೇಕ್ ಅಥವಾ ಕುಸ್ವಾರ್ ಹೇಳಿಬರುವಾಗಲೇ ಇನ್ನೊಂದು ಮನೆಯ ಪಾಲಿನ ಹಣವನ್ನೂ ಅಲ್ಲಿ ಕಟ್ಟಬಹುದು. ಆ ಮನೆ ಯಾವುದೆಂದು ನಾವೇ ಸೂಚಿಸಬಹುದು; ಸೂಚಿಸದಿದ್ದರೆ ಚರ್ಚಿನ ಯುವಕರು ವಾರ್ಡುಗಳಲ್ಲಿ ವಿಚಾರಿಸಿ ಬರೆದಿಟ್ಟುಕೊಂಡ ಪಟ್ಟಿಯಿಂದ ಒಂದು ಮನೆಯನ್ನು ಆರಿಸಿಕೊಳ್ಳುತ್ತಾರೆ. ಒಬ್ಬರೇ ಇರುವ ವೃದ್ಧರು, ಹಾಸಿಗೆ ಹಿಡಿದವರು, ಕೂಲಿ ನಿಂತುಹೋದ ಮನೆಯವರು ಆ ಪಟ್ಟಿಯಲ್ಲಿರುತ್ತಾರೆ. ಇಂಥ ಕೆಲಸವನ್ನು ಹೊಗಳುವುದು ಸುಲಭ. ಆದರೆ ಹಣ ಕೊಡುವವರಿಗೂ ಪೊಟ್ಟಣ ಪಡೆಯುವವರಿಗೂ ಉಪಯೋಗವಾಗಬೇಕಾದರೆ ಒಪ್ಪು ತಪ್ಪುಗಳೆರಡನ್ನೂ ಹೇಳಬೇಕು.

ಮೊದಲು ತಿಂಡಿಯ ವಿಷಯ. ಕರಾವಳಿ ಮೂಲದ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಮಾಡುವ ತಿಂಡಿಗಳನ್ನೆಲ್ಲ ಸೇರಿಸಿ ಕುಸ್ವಾರ್ ಎನ್ನುತ್ತಾರೆ. ಈ ಬೇಕರಿಯ ಕಿಡಿಯೊದಲ್ಲಿ, ಅಂದರೆ ಸುರುಳಿಯಾಕಾರದ ಗಟ್ಟಿ ಕರಿದ ತಿಂಡಿಯಲ್ಲಿ, ತೆಂಗಿನ ಹಾಲಿನ ರುಚಿ ಸ್ಪಷ್ಟವಾಗಿದೆ, ಬಾಚಣಿಗೆಯ ಮೇಲೆ ಸುತ್ತಿ ತೆಗೆದ ಗೆರೆಗಳೂ ಕೈಕೆಲಸದ ಗುರುತನ್ನು ಉಳಿಸಿಕೊಂಡಿವೆ. ಕಾಯಿ, ಎಳ್ಳು, ದ್ರಾಕ್ಷಿ ತುಂಬಿದ ನೆವ್ರಿ, ಅಂದರೆ ನಮ್ಮ ಕರ್ಜಿಕಾಯಿ, ಹದವಾಗಿ ಬೆಂದಿರುತ್ತದೆ. ಕೇಕಿನಲ್ಲಿ ಹಣ್ಣು ಚೆನ್ನಾಗಿ ನೆನೆದಿದೆ, ಜಾಯಿಕಾಯಿ ಮಾತ್ರ ನನ್ನ ನಾಲಿಗೆಗೆ ಸ್ವಲ್ಪ ಹೆಚ್ಚಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಅಂಗಡಿಯ ಗಾಜಿನ ಕಪಾಟಿನಲ್ಲಿ ಮಾರುವ ತಿಂಡಿಯೇ ಆ ಪೊಟ್ಟಣಕ್ಕೂ ಹೋಗುತ್ತದೆ. ದಾನಕ್ಕೆಂದರೆ ಮುರಿದದ್ದು, ಮಿಕ್ಕದ್ದು, ಬಣ್ಣಗೆಟ್ಟದ್ದು ಎಂಬ ಅಭ್ಯಾಸವನ್ನು ಬೇರೆ ಕಡೆ ಕಂಡು ಬೇಸರಪಟ್ಟವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಆದರೂ ನಾನು ಇದನ್ನು ಬರೆಯಲು ನಿಜವಾದ ಕಾರಣ ಎರಡನೆಯ ಪೊಟ್ಟಣ. ಒಂದು ಮನೆಯ ಹಣ ಕಟ್ಟಿದರೆ ಆ ಮನೆಗೆ ಹೋಗುವುದು ಎರಡು ಪೊಟ್ಟಣ. ದೊಡ್ಡದು ಮನೆಯವರು ತಿನ್ನಲಿಕ್ಕೆ. ಚಿಕ್ಕದು ಅವರು ಬೇರೆ ಯಾರಿಗಾದರೂ ಕೊಡಲಿಕ್ಕೆ. ನಮ್ಮಲ್ಲಿ ಕುಸ್ವಾರ್ ತಟ್ಟೆಗೆ ಬಟ್ಟೆ ಮುಚ್ಚಿ ನೆರೆಮನೆಗಳಿಗೆ ಕಳಿಸುವುದು ಹಳೆಯ ರೂಢಿ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ತಂಬಿಟ್ಟು ಬಂದ ಮನೆಗೆ ಕ್ರಿಸ್‌ಮಸ್‌ನಲ್ಲಿ ಈ ತಟ್ಟೆ ಹೋಗುತ್ತದೆ, ಜಾತಿ ಮತದ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ವಯಸ್ಸಾಗಿ, ಕೈಯಲ್ಲಿ ಕಾಸಿಲ್ಲದೆ, ಒಲೆಯ ಮುಂದೆ ನಿಲ್ಲಲಾರದೆ ಒಬ್ಬರು ಈ ಕೊಡು-ಕೊಳ್ಳುವಿಕೆಯಿಂದ ಹೊರಗುಳಿದಾಗ ಅವರಿಗೆ ತಿಂಡಿಯೊಂದೇ ತಪ್ಪುವುದಲ್ಲ, ಬೀದಿಯಲ್ಲಿ ಅವರಿಗಿದ್ದ ಸ್ಥಾನವೂ ತಪ್ಪುತ್ತದೆ. ಬರೀ ಪಡೆಯುವವರಾಗಿ ಉಳಿಯುವ ಆ ಸಂಕಟವನ್ನು ಈ ಬೇಕರಿಯವರು ಅರ್ಥ ಮಾಡಿಕೊಂಡಿದ್ದಾರೆ.

ನಮ್ಮ ಬೀದಿಯಲ್ಲಿ ಒಬ್ಬರೇ ಇರುವ ಅಜ್ಜಿಯೊಬ್ಬರ ಮನೆಗೆ ಪೊಟ್ಟಣ ಬಂದಾಗ ನಾನು ಅಲ್ಲಿದ್ದೆ. ತಂದ ಹುಡುಗ ಚಪ್ಪಲಿ ಬಿಟ್ಟು ಒಳಗೆ ಬಂದು, "ಅಜ್ಜಿ, ಇದು ನಿಮಗೆ. ಈ ಚಿಕ್ಕದು ನೀವು ಯಾರಿಗೆ ಕೊಡ್ತೀರೋ ಅವರಿಗೆ" ಎಂದ. "ಕೂತ್ಕೋ ಮಗ, ಕಾಫಿ ಕುಡಿದು ಹೋಗು" ಎಂದರು ಅವರು. ಅವನು ಅವಸರ ಮಾಡದೆ ಕುಳಿತ. ಕಾಫಿಯಾದ ಮೇಲೆ ಅಜ್ಜಿ ಅಟ್ಟಣಿಗೆಯ ಡಬ್ಬಿಯಿಂದ ಕಸೂತಿಯ ಬಟ್ಟೆಯೊಂದನ್ನು ತೆಗೆಸಿ, ಸ್ಟೀಲ್ ತಟ್ಟೆಯಲ್ಲಿ ನೆವ್ರಿಗಳನ್ನು ಒಂದೊಂದಾಗಿ ಜೋಡಿಸಿ, ನಡುವಿನ ಸಂದುಗಳಲ್ಲಿ ಕಿಡಿಯೊ ತುಂಬಿದರು. ಸೀರೆಯ ಸೆರಗು ಸರಿಮಾಡಿಕೊಂಡು, ಕೋಲು ಹಿಡಿದು, ತಟ್ಟೆಯನ್ನು ಹುಡುಗನ ಕೈಯಲ್ಲಿ ಹೊರಿಸಿ ಪಕ್ಕದ ಮನೆಗೆ ತಾವೇ ಹೊರಟರು. ಆ ಮನೆಯ ಮಕ್ಕಳ ಗಲಾಟೆಯ ಬಗ್ಗೆ ವರ್ಷವಿಡೀ ದೂರುತ್ತಿದ್ದವರು ಅವರೇ. ಮಕ್ಕಳ ತಾಯಿ ಬಾಗಿಲಲ್ಲೇ ಅವರ ಕೈ ಹಿಡಿದು ಒಳಗೆ ಕರೆದುಕೊಂಡರು. ಅಜ್ಜಿ ಮನೆಗೆ ಮರಳುವಾಗ ಕತ್ತಲಾಗಿತ್ತು.

ಈ ಊರಿನಲ್ಲಿ ಇಂಥ ಸೇವೆ ಹುಟ್ಟಿದ್ದು ನನಗೆ ಸಹಜವೆನಿಸುತ್ತದೆ. ಇಲ್ಲಿನ ಸಂತ ಅನ್ನಮ್ಮ ಚರ್ಚಿನ ಇತಿಹಾಸ 1792ರಿಂದ ಆರಂಭವಾಗುತ್ತದೆ. ಟಿಪ್ಪು ಸುಲ್ತಾನನ ಸೆರೆಯಿಂದ ಪಾರಾಗಿ ಬರಿಗೈಯಲ್ಲಿ ಬಂದ ಕ್ರೈಸ್ತರಿಗೆ ನೆಲೆ ಕೊಟ್ಟವನು ಕೊಡಗಿನ ಲಿಂಗಾಯತ ದೊರೆ ದೊಡ್ಡ ವೀರರಾಜೇಂದ್ರ. ಇಲ್ಲಿನ ಮೊದಲ ಕ್ರೈಸ್ತ ಕುಟುಂಬಗಳು ಇನ್ನೊಬ್ಬರ ಕರುಣೆಯಿಂದ ಬೇರೂರಿದವು.

ಪೊಟ್ಟಣ ತಲುಪಿಸುವ ಕೆಲಸ ಪೇಟೆಯಲ್ಲಿ ಸುಲಭ, ತೋಟಗಳ ಕಡೆ ಬಹಳ ಕಷ್ಟ. ಡಿಸೆಂಬರ್ ಎಂದರೆ ಅರೇಬಿಕಾ ಕಾಫಿ ಕೊಯ್ಲಿನ ಕಾಲ. ಹಗಲು ಹೊತ್ತು ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹಣ್ಣು ಕುಯ್ಯಲು ಹೋಗಿರುತ್ತಾರೆ. ಅವರು ಕೊಯ್ದ ಹಣ್ಣನ್ನು ತೂಕಕ್ಕೆ ಹಾಕಿ ಮನೆಗೆ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ, ಅಮ್ಮತ್ತಿ, ಸಿದ್ದಾಪುರದ ಕಡೆ ಆ ಹೊತ್ತಿನಲ್ಲಿ ಆನೆಯ ಭಯ. ತೋಟದ ದಾರಿಯಲ್ಲಿ ಬೈಕಿನಲ್ಲಿ ಒಬ್ಬನೇ ಹುಡುಗನನ್ನು ಕಳಿಸುವುದು ಸರಿಯಲ್ಲವೆಂದು ಬೇಕರಿಯವರು ಆ ಭಾಗಕ್ಕೆ ರಜೆಯ ದಿನ ಹಗಲಿನಲ್ಲಿ ಜೀಪು ಕಳಿಸುತ್ತಾರೆ. ಇದರಿಂದ ಕೆಲವು ಮನೆಗಳಿಗೆ ಪೊಟ್ಟಣ ಹಬ್ಬಕ್ಕೆ ಬಹಳ ಮುಂಚೆಯೇ ಸಿಗುತ್ತದೆ. ಅದನ್ನು ನಾನು ಕೊರತೆ ಎನ್ನುವುದಿಲ್ಲ.

ಕೊರತೆಗಳು ಬೇರೆ ಇವೆ. ಪಟ್ಟಿಯನ್ನು ಮಾಡುವವರು ಚರ್ಚಿನ ಪರಿಚಯವುಳ್ಳವರಾದ್ದರಿಂದ ಚರ್ಚಿಗೆ ಗೊತ್ತಿರುವ ಮನೆಗಳೇ ಅದರಲ್ಲಿ ಹೆಚ್ಚು. ಅಸ್ಸಾಮಿನಿಂದ ಕೊಯ್ಲಿಗೆ ಬಂದು, ಭಾಷೆ ಬಾರದೆ, ಊರವರ ಮುಖಪರಿಚಯವೂ ಇಲ್ಲದೆ ಇರುವ ಕಾರ್ಮಿಕರು ಆ ಪಟ್ಟಿಗೆ ಸೇರುವುದು ಅಪರೂಪ. ಯರವ ಬುಡಕಟ್ಟಿನವರ ಹಾಡಿಗಳ ವೃದ್ಧರ ಮಾತೂ ಹಾಗೆಯೇ. ಹಣ ಕಟ್ಟುವವರು ತಮಗೆ ಗೊತ್ತಿರುವ ಅಂಥ ಮನೆಯನ್ನು ತಾವೇ ಹೆಸರಿಸಿದರೆ ಈ ಅಂತರ ಸ್ವಲ್ಪ ಕಡಿಮೆಯಾದೀತು. ಇನ್ನು, ಹಿರಿಯರಿಗೆ ಹೋಗುವ ಪೊಟ್ಟಣದಲ್ಲಿ ಗಟ್ಟಿ ತಿಂಡಿಯೇ ಅರ್ಧಕ್ಕಿಂತ ಹೆಚ್ಚು. ಹಲ್ಲಿಲ್ಲದವರು ಕಿಡಿಯೊವನ್ನು ಕಾಫಿಯಲ್ಲಿ ನೆನೆಸಿಕೊಂಡರೂ ಕಷ್ಟಪಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಬೇರೆ ವ್ಯವಸ್ಥೆಯೇ ಇಲ್ಲ. ಖಾರದ ತುಕ್ಡಿ, ಚಕ್ಕುಲಿ, ಒಂದಿಷ್ಟು ಕಿತ್ತಳೆ ಹಣ್ಣು ಇಟ್ಟರೂ ಸಾಕಿತ್ತು.

ಪೊಟ್ಟಣದ ಮೇಲೆ ಅಂಟಿಸುವ ಕಾರ್ಡಿನಲ್ಲಿ ಹಣ ಕೊಟ್ಟವರ ಹೆಸರನ್ನು ಬರೆಯುವ ಪದ್ಧತಿಯೂ ಇದೆ. ಬೇಡವೆಂದರೆ ಬರೆಯುವುದಿಲ್ಲ, ಆದರೆ ಬೇಡವೆಂದು ನಾವೇ ನೆನಪಿಟ್ಟು ಹೇಳಬೇಕು. ಇದು ತಿರುಗುಮುರುಗಾಗಬೇಕೆಂಬುದು ನನ್ನ ಅಭಿಪ್ರಾಯ. ಆ ಜಾಗದಲ್ಲಿ ಹಿರಿಯ ನಾಗರಿಕರ ಉಚಿತ ಸಹಾಯವಾಣಿ 14567 ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದರೆ ಪಿಂಚಣಿ ನಿಂತುಹೋದಾಗಲೂ ಮನೆಯಲ್ಲಿ ಕಿರುಕುಳವಾದಾಗಲೂ ಆ ಕಾರ್ಡು ಕೆಲಸಕ್ಕೆ ಬರುತ್ತದೆ. ಫೋಟೋದ ವಿಷಯದಲ್ಲಿ ಮಾತ್ರ ಬೇಕರಿಯವರು ಕಟ್ಟುನಿಟ್ಟು: ಪಡೆದವರ ಚಿತ್ರ ತೆಗೆಯುವುದಿಲ್ಲ, ತಲುಪಿತೆಂಬ ಒಂದು ಸಾಲಿನ ಸಂದೇಶವಷ್ಟೇ ನಮಗೆ ಬರುತ್ತದೆ. ಕೆಲವು ಗ್ರಾಹಕರು ಚಿತ್ರ ಬೇಕೆಂದು ಜಗಳ ಮಾಡಿದ್ದನ್ನೂ ನಾನು ನೋಡಿದ್ದೇನೆ, ಅವರು ಬಗ್ಗಲಿಲ್ಲ.

ನನ್ನ ದೊಡ್ಡ ತಕರಾರು ದಿನಾಂಕದ್ದು. ಡಿಸೆಂಬರ್ 24ರ ಸಂಜೆಗೆ ಈ ಸೇವೆ ಮುಗಿದುಹೋಗುತ್ತದೆ. ಒಂಟಿ ಹಿರಿಯರಿಗೆ ಹಬ್ಬಕ್ಕಿಂತ ಭಾರವಾಗುವುದು ಅದರ ಮರುದಿನ. ನಡುರಾತ್ರಿಯ ಪೂಜೆಗೆಂದು ಬೆಂಗಳೂರಿನಿಂದ ಬಂದ ಮಕ್ಕಳು ಮೊಮ್ಮಕ್ಕಳು ಬಸ್ಸು ಹತ್ತಿರುತ್ತಾರೆ. ಯಾರೂ ಬಾರದವರಿಗೆ ಆ ದಿನ ಬೀದಿಯೂ ನಿಶ್ಶಬ್ದ. 26ನೇ ತಾರೀಕು ಸಂತ ಸ್ತೆಫಾನರ ಹಬ್ಬ. ಜೆರುಸಲೇಮಿನ ಆದಿಸಭೆಯಲ್ಲಿ ವಿಧವೆಯರಿಗೆ ದಿನದಿನದ ಆಹಾರ ಹಂಚುವುದರಲ್ಲಿ ತಾರತಮ್ಯವಾಗುತ್ತಿದೆ ಎಂಬ ದೂರು ಬಂದಾಗ, ಅದನ್ನು ಸರಿಪಡಿಸಲು ಆರಿಸಿದ ಏಳು ಮಂದಿಯಲ್ಲಿ ಸ್ತೆಫಾನರೂ ಒಬ್ಬರು. ಹಂಚುವ ಕೆಲಸಕ್ಕೆ ಅದಕ್ಕಿಂತ ತಕ್ಕ ದಿನ ಪಂಚಾಂಗದಲ್ಲಿಲ್ಲ. ಪೊಟ್ಟಣ ಬೇಡ, ಅದೇ ಹುಡುಗರು ಅದೇ ಮನೆಗಳಿಗೆ ಬರಿಗೈಯಲ್ಲಿ ಹೋಗಿ ಅರ್ಧ ಗಂಟೆ ಕುಳಿತು ಬಂದರೂ ಸಾಕು.

ಬೇಕರಿಯ ಮಾಲೀಕರ ಮುಂದೆ ಈ ಮಾತನ್ನು ಇಟ್ಟಾಗ ಅವರು ಒಪ್ಪಿದರು, ಆದರೆ ಕೆಲಸದ ಹುಡುಗರಿಗೆ ಅಂದು ರಜೆ ಕೊಡಲೇಬೇಕು ಎಂದರು. ಅದು ನ್ಯಾಯವೇ. ಹಾಗಾಗಿ 26ರಂದು ಬಿಡುವಿರುವವರು, ಮುಖ್ಯವಾಗಿ ಅಮ್ಮತ್ತಿ ಕಡೆಯ ದಾರಿ ಗೊತ್ತಿದ್ದು ಜೀಪು ಇರುವವರು, ಕೇಕಿಗೆ ಹಣ ಕಟ್ಟುವಾಗಲೇ ಕೌಂಟರಿನಲ್ಲಿ ಹೆಸರು ಬರೆಸಿದರೆ ಮನೆಗಳ ಪಟ್ಟಿಯನ್ನು ಅವರು ಕೊಡುತ್ತಾರೆ. ಎರಡನೆಯ ವಾರ ಕಳೆದ ಮೇಲೆ ಆರ್ಡರ್ ತೆಗೆದುಕೊಳ್ಳುವುದಿಲ್ಲ.