ಆರ್ಚರ್ ಸಿ6 ಮೇಲೆ ಓಪನ್‌ಡಬ್ಲ್ಯುಆರ್‌ಟಿ: ಮೊದಲು ತಳದ ಚೀಟಿ ನೋಡಿ

ಟಿಪಿ-ಲಿಂಕ್ ಆರ್ಚರ್ ಸಿ6 ರೂಟರಿನಲ್ಲಿ ಕಂಪನಿಯ ಫರ್ಮ್‌ವೇರ್ (ರೂಟರ್ ನಡೆಸುವ ಒಳಗಿನ ಸಾಫ್ಟ್‌ವೇರ್) ತೆಗೆದು ಓಪನ್‌ಡಬ್ಲ್ಯುಆರ್‌ಟಿ (OpenWrt) ಎಂಬ ಉಚಿತ, ಮುಕ್ತ ಫರ್ಮ್‌ವೇರ್ ಹಾಕಿದರೆ ಲಾಭವುಂಟೇ? ಭದ್ರತೆಗಾದರೆ ಉಂಟು, ಬರೀ ಸ್ಪೀಡಿಗಾದರೆ ಬೇಡ. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಹೊಸದು ಕೊಂಡರೂ ಸೆಕೆಂಡ್‌ಹ್ಯಾಂಡ್ ತಂದರೂ ತಳದ ಚೀಟಿಯಲ್ಲಿರುವ ವರ್ಷನ್ ನೋಡಿಯೇ ದುಡ್ಡು ಕೊಡಿ. ವಿ3.2 ಆದರೆ ಎಂಟಿ7621 ಚಿಪ್, 16 ಎಂಬಿ ಫ್ಲ್ಯಾಶ್ (ಫರ್ಮ್‌ವೇರ್ ಕೂರುವ ಜಾಗ), 128 ಎಂಬಿ ರ‍್ಯಾಮ್, ಧಾರಾಳವಾಗಿ ಸಾಕು. ವಿ2ರಲ್ಲಿ ಚಿಪ್ಪೇ ಬೇರೆ, ಫ್ಲ್ಯಾಶ್ 8 ಎಂಬಿ. ಒಂದರ ಇಮೇಜ್ (ಫರ್ಮ್‌ವೇರ್ ಫೈಲು) ಇನ್ನೊಂದಕ್ಕೆ ಹಾಕಿದರೆ ಬ್ರಿಕ್ ಆಗುವ, ಅಂದರೆ ರೂಟರ್ ಸತ್ತ ಇಟ್ಟಿಗೆಯಾಗುವ ಅಪಾಯವಿದೆ. ಅಟ್ಟದಲ್ಲಿರುವ 4 ಎಂಬಿ ಫ್ಲ್ಯಾಶಿನ ಹಳೇ ರೂಟರಿಗೆ ಈಗಿನ ಆವೃತ್ತಿ ಬರುವುದಿಲ್ಲ, ಅದರ ಆಸೆ ಬಿಡಿ.

ಮೊದಲ ಸಲಕ್ಕೆ ಫ್ಯಾಕ್ಟರಿ ಇಮೇಜ್ ಇಳಿಸಿಕೊಂಡು, ಫೈಲು ಕೆಟ್ಟಿಲ್ಲವೆಂದು ತಿಳಿಯಲು ಅದರ ಎಸ್‌ಎಚ್‌ಎ256 ಗುರುತು ಸಂಖ್ಯೆ ತಾಳೆ ನೋಡಿ, ಕಂಪನಿಯ ಪುಟದ ಫರ್ಮ್‌ವೇರ್ ಅಪ್‌ಗ್ರೇಡ್ ಜಾಗದಲ್ಲೇ ಅಪ್‌ಲೋಡ್ ಮಾಡಬೇಕು. ಬೇಸಿಗೆಯಲ್ಲಿ ಕರೆಂಟ್ ನಂಬಬೇಡಿ, ಯುಪಿಎಸ್ ಮೇಲೆ ಇಟ್ಟು ಮಾಡಿ. ಮುಗಿದ ಮೇಲೆ ವೈಫೈ ಕಾಣದಿದ್ದರೆ ಹೆದರಬೇಡಿ, ಅದು ಆಫ್ ಆಗಿಯೇ ಬರುತ್ತದೆ. ಲ್ಯಾನ್ ಕೇಬಲ್ ಬೇಕೇ ಬೇಕು. 192.168.1.1 ತೆರೆದು ರೂಟ್ (root) ಎಂಬ ಹೆಸರಲ್ಲಿ ಒಳಹೋಗಿ. ಪಾಸ್‌ವರ್ಡ್ ಇರುವುದಿಲ್ಲ, ಮೊದಲು ಅದನ್ನು ಇಡಿ.

ಫೈಬರ್ ಡಬ್ಬವೂ ರೂಟರ್ ಮೋಡಿನಲ್ಲಿದ್ದು ಅದರ ವಿಳಾಸವೂ 192.168.1.1 ಆಗಿದ್ದರೆ ಇಂಟರ್‌ನೆಟ್ ಬರುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿಯ ಲ್ಯಾನ್ ವಿಳಾಸವನ್ನು 192.168.10.1 ಮಾಡಿ. ಬದಲಿಸಿದ ಕೂಡಲೇ ಹೊಸ ವಿಳಾಸ ತೆರೆಯದಿದ್ದರೆ ಅದು ಹಳೆಯದಕ್ಕೇ ವಾಪಸಾಗುತ್ತದೆ. ಕೇಬಲ್‌ನವರು ಡಬ್ಬವನ್ನು ಬ್ರಿಡ್ಜ್ ಮಾಡಿ (ರೂಟರ್ ಕೆಲಸ ಬಿಡಿಸಿ) ಪಿಪಿಪಿಒಇ, ಅಂದರೆ ಇಂಟರ್‌ನೆಟ್ ಲಾಗಿನ್‌ನ ಹೆಸರು, ಪಾಸ್‌ವರ್ಡ್ ಕೊಟ್ಟರೆ ಇನ್ನೂ ಒಳ್ಳೆಯದು; ಅವರ ಲೈನಿನ ವಿಲ್ಯಾನ್ (VLAN) ಗುರುತು ಸಂಖ್ಯೆಯನ್ನೂ ಆಗಲೇ ಕೇಳಿಟ್ಟುಕೊಳ್ಳಿ.

ವೈಫೈ ಆನ್ ಮಾಡುವಾಗ ಕಂಟ್ರಿ ಕೋಡ್ ಭಾರತಕ್ಕೆ ಇಡಿ. ಇಲ್ಲದಿದ್ದರೆ 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ಲೂ ಕಮ್ಮಿ, ಸಿಗ್ನಲ್ಲೂ ಕಮ್ಮಿ. ಇನ್ನು ಪಾಸ್‌ವರ್ಡ್. ನಮ್ಮಲ್ಲಿ ಮೊಬೈಲ್ ನಂಬರೇ ವೈಫೈ ಪಾಸ್‌ವರ್ಡ್. ಆರರಿಂದ ಒಂಬತ್ತರೊಳಗೆ ಶುರುವಾಗುವ ಹತ್ತಂಕಿ ಎಂದರೆ ಒಟ್ಟು 400 ಕೋಟಿ ಸಾಧ್ಯತೆ. ಹಳೇ ವೈಫೈ ಭದ್ರತಾ ಪದ್ಧತಿ ಡಬ್ಲ್ಯುಪಿಎ2ರಲ್ಲಿ ಫೋನು ರೂಟರಿಗೆ ಸೇರುವಾಗಿನ ಮಾತುಕತೆಯನ್ನು (ಹ್ಯಾಂಡ್‌ಶೇಕ್) ಹಿಡಿದುಕೊಂಡವನ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಲಕ್ಷಗಟ್ಟಲೆ ಪರೀಕ್ಷಿಸುತ್ತದೆ. ಕೆಲವೇ ಗಂಟೆಗಳ ಕೆಲಸ. ಹೊಸ ಪದ್ಧತಿ ಡಬ್ಲ್ಯುಪಿಎ3ರಲ್ಲಿ ಹೀಗೆ ಹಿಡಿದುಕೊಂಡು ಹೋಗಿ ಊಹಿಸಲು ಬರುವುದಿಲ್ಲ. ಆದರೆ ಎರಡೂ ಸೇರಿದ ಮಿಕ್ಸೆಡ್ ಮೋಡ್ ಇಟ್ಟರೆ ಹಳೇ ಫೋನಿನ ದಾರಿಯಲ್ಲಿ ಅದೇ ತೂತು ಉಳಿಯುತ್ತದೆ. ಫೋನು, ಲ್ಯಾಪ್‌ಟಾಪಿಗೆ ಡಬ್ಲ್ಯುಪಿಎ3 ಮಾತ್ರ ಇಟ್ಟು, ಸ್ಮಾರ್ಟ್ ಬಲ್ಬು, ಪ್ಲಗ್ಗುಗಳಿಗೆ 2.4 ಗಿಗಾಹರ್ಟ್ಸ್‌ನಲ್ಲಿ ಬೇರೆ ಹೆಸರು, ಬೇರೆ ಪಾಸ್‌ವರ್ಡಿನ ಡಬ್ಲ್ಯುಪಿಎ2 ಇಡುವುದೇ ವಾಸಿ. ಪಾಸ್‌ವರ್ಡ್ ಇಲ್ಲದೆ ಸೇರಿಸುವ ಡಬ್ಲ್ಯುಪಿಎಸ್ ಬಟನ್ನಿನ ಕಾಟ ಇಲ್ಲಿ ತಾನಾಗಿಯೇ ಇಲ್ಲ, ಒಳಗಿನ ಸಾಧನಗಳು ತಾವೇ ಪೋರ್ಟ್ (ಹೊರಗಿನಿಂದ ಬರುವ ಬಾಗಿಲು) ತೆರೆದುಕೊಳ್ಳುವ ಯುಪಿಎನ್‌ಪಿಯೂ ಇಲ್ಲ. ಸಿಸಿಟಿವಿ ಹಾಕಲು ಬಂದವರು ಪೋರ್ಟ್ ತೆರೆಯಿರಿ ಎಂದರೆ ತೆರೆಯಬೇಡಿ.

ಕುವೆಂಪುನಗರ, ಸರಸ್ವತಿಪುರಂನಂಥ ಕಡೆ ಮಹಡಿ ಬಾಡಿಗೆಯವರಿಗೂ ಇದೇ ವೈಫೈ ಕೊಡುವವರು ಅವರಿಗೆ ಬೇರೆಯಾದ ಗೆಸ್ಟ್ ನೆಟ್‌ವರ್ಕ್ ಮಾಡಲೇಬೇಕು. ಹೊಸ ಇಂಟರ್‌ಫೇಸಿಗೆ 192.168.30.1 ಕೊಟ್ಟು ಡಿಎಚ್‌ಸಿಪಿ (ಫೋನಿಗೆ ಐಪಿ ವಿಳಾಸ ಹಂಚುವ ಸೇವೆ) ಆನ್ ಮಾಡಿ. ಫೈರ್‌ವಾಲಿನಲ್ಲಿ ಅದಕ್ಕೇ ಒಂದು ಜೋನ್: ಇನ್‌ಪುಟ್ (ರೂಟರಿಗೇ ಬರುವುದು) ರಿಜೆಕ್ಟ್, ಫಾರ್ವರ್ಡ್ ವ್ಯಾನ್ (ಇಂಟರ್‌ನೆಟ್) ಕಡೆಗೆ ಮಾತ್ರ. ಇಷ್ಟಕ್ಕೇ ನಿಲ್ಲಿಸಿದರೆ ಅವರ ಫೋನು ಐಪಿ ಸಿಗದೆ ಒದ್ದಾಡುತ್ತದೆ, ಏಕೆಂದರೆ ಇನ್‌ಪುಟ್ ಮುಚ್ಚಿದಾಗ ಡಿಎಚ್‌ಸಿಪಿಯೂ, ಸೈಟಿನ ಹೆಸರಿಗೆ ವಿಳಾಸ ಹುಡುಕುವ ಡಿಎನ್‌ಎಸ್ಸೂ ಮುಚ್ಚಿಹೋಗಿರುತ್ತವೆ. ಟ್ರಾಫಿಕ್ ರೂಲ್ಸ್‌ನಲ್ಲಿ ಈ ಜೋನಿನಿಂದ ಯುಡಿಪಿ 67, ಜೊತೆಗೆ ಟಿಸಿಪಿ-ಯುಡಿಪಿ 53 ಬಿಡಿ.

ಕೊರತೆಗಳೂ ಇವೆ. 2.4 ಗಿಗಾಹರ್ಟ್ಸ್‌ನ ಎಂಟಿ7603 ಚಿಪ್ಪಿನ ಡ್ರೈವರ್ ಕೊಂಚ ಸೊರಗಿದೆ. ವಿಡಿಯೋ ಕಾಲ್ ತಡವರಿಸದಂತೆ ಎಸ್‌ಕ್ಯೂಎಂ (ಡೇಟಾ ಸಾಲನ್ನು ಹದದಲ್ಲಿಡುವ ಪ್ಯಾಕೇಜು) ಹಾಕಬಹುದು, ಆದರೆ ಅದು ಸಿಪಿಯು ತಿನ್ನುತ್ತದೆ, ಸಿಪಿಯು ಹೊರೆ ಇಳಿಸಿ ವೇಗ ಕೊಡುವ ಫ್ಲೋ ಆಫ್‌ಲೋಡಿಂಗ್ ಜೊತೆ ಹೊಂದುವುದಿಲ್ಲ. ದೊಡ್ಡ ಪ್ಲಾನ್ ಇದ್ದವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅಗ್ರಹಾರದ ಹಳೇ ಮನೆಗಳ ದಪ್ಪ ಗೋಡೆಗೆ ಯಾವ ಫರ್ಮ್‌ವೇರೂ ಮದ್ದಲ್ಲ. ಇನ್ನೊಂದು ಆಕ್ಸೆಸ್ ಪಾಯಿಂಟಿಗೆ ಕೇಬಲ್ ಎಳೆಸಿ.

ಅಪ್‌ಡೇಟ್ ತಾನಾಗಿ ಬರುವುದಿಲ್ಲ, ನೀವೇ ಸಿಸ್‌ಅಪ್‌ಗ್ರೇಡ್ ಇಮೇಜ್ (ಓಪನ್‌ಡಬ್ಲ್ಯುಆರ್‌ಟಿ ಇದ್ದ ರೂಟರಿಗೆ ಹಾಕುವ ಫೈಲು) ತಂದು ಹಾಕಬೇಕು. ಸೆಟ್ಟಿಂಗ್ ಉಳಿಯುತ್ತದೆ, ನೀವು ಸೇರಿಸಿದ ಎಸ್‌ಕ್ಯೂಎಂನಂಥ ಪ್ಯಾಕೇಜು ಹೋಗಿರುತ್ತದೆ, ಮತ್ತೆ ಹಾಕಿಕೊಳ್ಳಿ.